ಪದಚರ್ಚೆ: ಬೇರೆ ಸರ್ವರಿನ ಸ್ಕ್ರಿಪ್ಟಿಗೆ ಡೇಟಾ ‘ಪಾಸ್ ಮಾಡು’ ಎಂಬುದಕ್ಕೆ ಯಾವ ಕ್ರಿಯಾಪದ?

ಕಲಬುರಗಿಯಿಂದ, ಪ್ರಶ್ನೆ:

ಎಲ್ಲರಿಗೂ ಶರಣು. ಡಿಪ್ಲೊಮಾ ವಿದ್ಯಾರ್ಥಿಗಳಿಗಾಗಿ ವೆಬ್ ಪ್ರೋಗ್ರಾಮಿಂಗಿನ ಕೈಪಿಡಿಯೊಂದನ್ನು ಅನುವಾದಿಸುತ್ತಿದ್ದೇನೆ. ಸೋಮವಾರ ಅದು ಅಚ್ಚಿಗೆ ಹೋಗಬೇಕು. ಆರನೆಯ ಅಧ್ಯಾಯದ ಶೀರ್ಷಿಕೆಯಲ್ಲೇ ಕೆಲಸ ನಿಂತಿದೆ. ಕಲಬುರಗಿಯ ಸರ್ವರಿನಲ್ಲಿರುವ ಪಿಎಚ್‌ಪಿ ಸ್ಕ್ರಿಪ್ಟೊಂದು, ಅಂದರೆ ಆ ಹೆಸರಿನ ಭಾಷೆಯಲ್ಲಿ ಬರೆದ ಸಣ್ಣ ಪ್ರೋಗ್ರಾಮೊಂದು, ವಿದ್ಯಾರ್ಥಿಯ ನೋಂದಣಿ ಸಂಖ್ಯೆಯನ್ನು ಫಾರ್ಮಿನಿಂದ ಪಡೆದು ಬೀದರಿನ ಸರ್ವರಿನಲ್ಲಿರುವ ಇನ್ನೊಂದು ಸ್ಕ್ರಿಪ್ಟಿಗೆ ಕೊಡುತ್ತದೆ. ಅದು ಅಂಕಗಳನ್ನು ಹುಡುಕಿ ಹಿಂದಕ್ಕೆ ಕೊಡುತ್ತದೆ. ಎರಡೂ ಒಂದೇ ಸರ್ವರಿನಲ್ಲಿದ್ದರೆ ಸಂಖ್ಯೆಯನ್ನು ಸೆಷನ್ನಿನಲ್ಲಿ (ಬಳಕೆದಾರನ ಮಾಹಿತಿಯನ್ನು ಸರ್ವರು ತಾತ್ಕಾಲಿಕವಾಗಿ ಇಟ್ಟುಕೊಳ್ಳುವ ಜಾಗದಲ್ಲಿ) ಇಟ್ಟರೆ ಸಾಕಾಗುತ್ತಿತ್ತು. ಇಲ್ಲಿಯ ಸೆಷನ್ ಅಲ್ಲಿಯ ಸರ್ವರಿಗೆ ಕಾಣದ ಕಾರಣ ಎಲ್ಲವನ್ನೂ ಎಚ್‌ಟಿಟಿಪಿ (ವೆಬ್ಬಿನ ಕೊಡುಕೊಳ್ಳುವಿಕೆಯ ನಿಯಮಾವಳಿ) ಕೋರಿಕೆಯೊಳಗೇ ಇಟ್ಟು ಕಳಿಸಬೇಕಾಗುತ್ತದೆ.

ಈ ‘ಪಾಸ್ ಮಾಡು’ ಎಂಬುದಕ್ಕೆ ಮೊದಲು ‘ವರ್ಗಾಯಿಸು’ ಎಂದು ಬರೆದೆ, ಆಮೇಲೆ ‘ಹಸ್ತಾಂತರಿಸು’ ಎಂದು ತಿದ್ದಿದೆ. ಎರಡೂ ತಪ್ಪು ಎಂದು ಈಗ ಅನಿಸುತ್ತಿದೆ. ಯಾದಗಿರಿಯಿಂದ ಬೀದರಿಗೆ ಶಿಕ್ಷಕರೊಬ್ಬರ ವರ್ಗಾವಣೆಯಾದರೆ ಯಾದಗಿರಿಯ ಕುರ್ಚಿ ಖಾಲಿಯಾಗುತ್ತದೆ. ಡೇಟಾ ಹೋದಾಗ ಇಲ್ಲಿ ಏನೂ ಖಾಲಿಯಾಗುವುದಿಲ್ಲ, ಹೋಗುವುದು ನಕಲು ಮಾತ್ರ. ಈ ವ್ಯತ್ಯಾಸ ತಿಳಿಯದ ವಿದ್ಯಾರ್ಥಿ ಮುಂದೆ ಎರಡೂ ಕಡೆಯ ಪ್ರತಿಗಳು ಬೇರೆಬೇರೆಯಾಗಿ ನಿಂತಾಗ ದಿಕ್ಕು ತೋಚದೆ ಕೂರುತ್ತಾನೆ. ದಯವಿಟ್ಟು ಬೇಗ ತಿಳಿಸಿ.

ಬೀದರಿನಿಂದ:

‘ದತ್ತಾಂಶ ಸಂವಹನ’ ಎಂದು ಬರೆಯಿರಿ. ‘ಡೇಟಾ’ವನ್ನು ಮೊದಲು ಕೈಬಿಡಿ. ಲ್ಯಾಟಿನ್ನಿನ ‘ದತುಂ’ ಮತ್ತು ಸಂಸ್ಕೃತದ ‘ದತ್ತ’ ಒಂದೇ ಬೇರಿನವು, ಎರಡರ ಅರ್ಥವೂ ‘ಕೊಡಲ್ಪಟ್ಟದ್ದು’. ನಮ್ಮ ‘ದಾನ’, ‘ದತ್ತಿ’, ‘ದತ್ತು’ ಎಲ್ಲವೂ ಆ ‘ದಾ’ ಧಾತುವಿನಿಂದಲೇ ಬಂದಿವೆ. ಕೊಡುವ ಕ್ರಿಯೆ ‘ದತ್ತಾಂಶ’ದ ಹೊಟ್ಟೆಯಲ್ಲೇ ಇರುವಾಗ ಇಂಗ್ಲಿಷಿನ ರೂಪವನ್ನು ಎರವಲು ತರುವ ಅಗತ್ಯವೇ ಇಲ್ಲ. ಯಾರಾದರೂ ‘ರವಾನಿಸು’ ಎನ್ನುವ ಮೊದಲೇ ಹೇಳುತ್ತೇನೆ: ಅದು ಪಾರಸಿ, ಪಠ್ಯಕ್ಕೆ ಬೇಡ.

ಯಾದಗಿರಿಯಿಂದ:

‘ಸಂವಹನ’ ಸಲ್ಲದು. ವಿಜ್ಞಾನದ ಪಾಠದಲ್ಲಿ ಉಷ್ಣ ಸಂವಹನ ಎಂಬ ಬಳಕೆ ಆಗಲೇ ಇದೆ, ಪತ್ರಿಕೋದ್ಯಮದವರಿಗೆ ಅದರ ಅರ್ಥವೇ ಬೇರೆ; ಮೂರನೆಯ ಹೊರೆಯನ್ನು ಅದು ತಾಳಲಾರದು. ಬೇರು ಒಂದೇ ಎಂಬುದು ಪದವನ್ನು ಆರಿಸಲು ಕಾರಣವಾಗುವುದಿಲ್ಲ. ಇನ್ನು ಪಾರಸಿಯ ಮಾತು. 1948ರವರೆಗೆ ನಿಜಾಮರ ಆಡಳಿತದಲ್ಲಿದ್ದ ಈ ಜಿಲ್ಲೆಗಳ ಕಚೇರಿಗಳಲ್ಲಿ ಉರ್ದು ನಡೆಯುತ್ತಿತ್ತು. ‘ಅರ್ಜಿ’, ‘ಜವಾಬು’, ‘ದಾಖಲೆ’, ಅಷ್ಟೇ ಏಕೆ, ‘ಜಿಲ್ಲೆ’, ‘ತಾಲ್ಲೂಕು’ ಕೂಡ ಅರಬ್ಬಿ, ಪಾರಸಿಗಳ ಹಾದಿಯಲ್ಲಿ ಬಂದವು. ಓದುಬರಹ ಬಾರದ ನನ್ನ ಅಜ್ಜಿಯೂ ಅವುಗಳನ್ನು ತನ್ನ ಮಾತೆಂದೇ ಆಡುತ್ತಿದ್ದರು. ‘ಡೇಟಾ ರವಾನೆ’ ಎಂದು ಬರೆದರೆ ಹುಡುಗರಿಗೆ ಒಮ್ಮೆಗೇ ತಿಳಿಯುತ್ತದೆ.

ಬೀದರಿನಿಂದ:

ತಮ್ಮಾ, ಅಜ್ಜಿಯ ಮಾತು ಅಂಗಳಕ್ಕೆ ಸರಿ, ಪರಿಭಾಷೆಗೆ ಅಳತೆಗೋಲಲ್ಲ. ಮಳಖೇಡ ನಿಮಗೂ ದೂರದ ಊರಲ್ಲ. ಅಲ್ಲಿ ರಾಷ್ಟ್ರಕೂಟರ ಆಸ್ಥಾನದಲ್ಲಿ 9ನೆಯ ಶತಮಾನದಲ್ಲಿ ಹುಟ್ಟಿದ ಕವಿರಾಜಮಾರ್ಗವು ಹೊಂದದ ಮಾತುಗಳನ್ನು ಬೆರೆಸುವುದನ್ನು ಕಾಯುವ ಹಾಲಿಗೆ ಮಜ್ಜಿಗೆಯ ಹನಿ ಹಾಕಿದಂತೆ ಎಂದು ಆಗಲೇ ಎಚ್ಚರಿಸಿದೆ. ‘ಡೇಟಾ ರವಾನೆ’ ಅಂಥ ಒಡೆದ ಹಾಲು.

ಕಲಬುರಗಿಯಿಂದ, ಪ್ರಶ್ನೆ ಕೇಳಿದವರು:

ಗುರುಗಳೇ, ಆ ಮಾತು ಸಂಸ್ಕೃತ ಮತ್ತು ಕನ್ನಡಗಳನ್ನು ಅರಿಯದೆ ಸಮಾಸದಲ್ಲಿ ಬೆರೆಸುವುದನ್ನು ಕುರಿತದ್ದು. ‘ಡೇಟಾವನ್ನು ಕಳಿಸು’ ಎಂದು ವಿಭಕ್ತಿಪ್ರತ್ಯಯವನ್ನು ಉಳಿಸಿಕೊಂಡು ಬರೆದರೆ ಅಲ್ಲಿ ಸಮಾಸವೇ ಇರುವುದಿಲ್ಲವಾದ್ದರಿಂದ ದೋಷವೂ ಇರುವುದಿಲ್ಲ. ನನ್ನ ತೊಡಕು ಪದ ಎಲ್ಲಿಂದ ಬಂತು ಎಂಬುದಲ್ಲ, ಅದು ನಡೆಯುವ ಕೆಲಸವನ್ನು ಸರಿಯಾಗಿ ಹೇಳುತ್ತದೆಯೇ ಎಂಬುದು. ನಿನ್ನೆ ರಾತ್ರಿ ಅಧ್ಯಾಯವನ್ನು ಮತ್ತೆ ಓದಿದಾಗ, ನಾವು ಒಂದೇ ಕ್ರಿಯೆ ಎಂದುಕೊಂಡದ್ದು ನಿಜವಾಗಿ ಎರಡು ಎಂದು ಹೊಳೆಯಿತು.

ಈ ಅಧ್ಯಾಯದಲ್ಲಿ ಬರುವ ಎಚ್‌ಟಿಟಿಪಿ ಕೋರಿಕೆಗಳು ಎರಡು ಬಗೆಯವು: ಗೆಟ್ ಮತ್ತು ಪೋಸ್ಟ್. ಗೆಟ್ ಕೋರಿಕೆಯಲ್ಲಿ ಕಲಬುರಗಿಯ ಸ್ಕ್ರಿಪ್ಟು ಮುಖ್ಯವಾಗಿ ಬೇಡುವುದು ಬೀದರಿನಲ್ಲಿರುವ ಅಂಕಗಳನ್ನು. ವಿಳಾಸದಲ್ಲಿ ಪ್ರಶ್ನಾರ್ಥಕ ಚಿಹ್ನೆಯ ನಂತರ ಬರೆದ ನೋಂದಣಿ ಸಂಖ್ಯೆ ಆ ಬೇಡಿಕೆಯ ಗುರುತು ಅಷ್ಟೇ. ಇದಕ್ಕೆ ಕನ್ನಡದಲ್ಲಿ ‘ತರಿಸು’ ಎಂಬ ಪ್ರೇರಣಾರ್ಥಕ ರೂಪ ಸಿದ್ಧವಾಗಿಯೇ ಇದೆ: ತಾನು ಕುಳಿತಲ್ಲೇ ಕುಳಿತು ಇನ್ನೊಬ್ಬರ ಕೈಯಿಂದ ತರುವಂತೆ ಮಾಡುವುದು. ಇಂಗ್ಲಿಷಿನ ಮೂಲಪದದಲ್ಲಿಯೂ ಇಷ್ಟು ಖಚಿತತೆ ಇಲ್ಲ. ಪೋಸ್ಟ್ ಕೋರಿಕೆಯಲ್ಲಾದರೋ ಡೇಟಾ ವಿಳಾಸದಲ್ಲಿರದೆ ಕೋರಿಕೆಯ ಒಡಲಿನಲ್ಲಿರುತ್ತದೆ, ಅದನ್ನು ಆ ಕಡೆಗೆ ತಲುಪಿಸುವುದೇ ಉದ್ದೇಶ. ಅದಕ್ಕೆ ನಮ್ಮ ಕಡೆಯ ‘ಮುಟ್ಟಿಸು’ ಸಲ್ಲುತ್ತದೆ. ಸುದ್ದಿ ಮುಟ್ಟಿಸಿದವನ ಬಳಿ ಸುದ್ದಿ ಉಳಿದೇ ಇರುತ್ತದೆ. ‘ವರ್ಗಾವಣೆ’ಯ ಖಾಲಿ ಕುರ್ಚಿ ಇಲ್ಲಿಲ್ಲ. ‘ರವಾನೆ’ಯಲ್ಲಿ ಹೊರಟದ್ದು ಮಾತ್ರ ತಿಳಿಯುತ್ತದೆ, ಮುಟ್ಟಿತೋ ಇಲ್ಲವೋ ತಿಳಿಯುವುದಿಲ್ಲ. ಸರ್ವರಿನಿಂದ ‘ಸರಿಯಾಯಿತು’ ಎಂಬ ಅರ್ಥದ 200 ಎಂಬ ಸಂಖ್ಯೆ ಹಿಂದಿರುಗಿದಾಗ ‘ಮುಟ್ಟಿತು’ ಎನ್ನಬಹುದು; ಅದು ಬರುವವರೆಗೆ ‘ಕಳಿಸಿದೆ’ ಎಂದಷ್ಟೇ ಹೇಳಬೇಕು.

ಈ ಎರಡನ್ನು ಬೇರೆಯಾಗಿಡಲು ಇನ್ನೊಂದು ಕಾರಣವೂ ಇದೆ. ವಿಳಾಸದೊಳಗೆ ಕನ್ನಡದ ಅಕ್ಷರ ನೇರವಾಗಿ ಹೋಗುವುದಿಲ್ಲ. ಅಕ್ಷರಗಳನ್ನು ಬೈಟುಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟ್ ಬೇಕು, ಪ್ರತಿ ಬೈಟೂ ಶೇಕಡಾ ಚಿಹ್ನೆಯೊಡನೆ ಮೂರು ಚಿಹ್ನೆಗಳಾಗುತ್ತದೆ. ‘ಕಲಬುರಗಿ’ ಎಂಬ ಹೆಸರಿನಲ್ಲಿ ಸ್ವರಚಿಹ್ನೆಗಳೂ ಸೇರಿ 7 ಸಂಕೇತಗಳಿರುವುದರಿಂದ ಅದು 21 ಬೈಟ್, ಅಂದರೆ ವಿಳಾಸದಲ್ಲಿ 63 ಚಿಹ್ನೆಗಳಾಗಿ ಹಿಗ್ಗುತ್ತದೆ. ವಿಳಾಸ ಸರ್ವರಿನ ‘ಲಾಗ್’ ಎಂಬ ದಾಖಲೆಯಲ್ಲಿಯೂ ಉಳಿಯುತ್ತದೆ. ಆದ್ದರಿಂದ ಹೆಸರು, ಊರು, ಗುಪ್ತಪದಗಳನ್ನು ‘ಮುಟ್ಟಿಸ’ಬೇಕೇ ಹೊರತು ‘ತರಿಸು’ವ ವಿಳಾಸಕ್ಕೆ ಅಂಟಿಸಬಾರದು ಎಂದು ಪಾಠದಲ್ಲಿ ಒಂದೇ ವಾಕ್ಯದಲ್ಲಿ ಹೇಳಲು ಬರುತ್ತದೆ.

ಯಾದಗಿರಿಯಿಂದ:

‘ಮುಟ್ಟಿಸು’ ಎಂದರೆ ದಕ್ಷಿಣದ ಓದುಗರಿಗೆ ಸ್ಪರ್ಶ ಎಂದೇ ಅನಿಸೀತು. ಬ್ರೌಸರಿನಲ್ಲಿರುವ ಸ್ಕ್ರಿಪ್ಟೇ ನೇರವಾಗಿ ಬೀದರಿನ ಸರ್ವರನ್ನು ಕೇಳಿದಾಗ ಏನೆನ್ನುತ್ತೀರಿ? ಆಗ ಕೋರಿಕೆ ಅಲ್ಲಿಗೆ ಹೋದರೂ, ಆ ಸರ್ವರು ತನ್ನ ಜವಾಬಿನ ಹೆಡರಿನಲ್ಲಿ (ತಲೆಬರಹದಲ್ಲಿ) ಅನುಮತಿ ಕೊಡದಿದ್ದರೆ, ಬಂದ ಜವಾಬನ್ನು ಓದಲು ಬ್ರೌಸರು ಸ್ಕ್ರಿಪ್ಟಿಗೆ ಬಿಡುವುದಿಲ್ಲ.

ಕಲಬುರಗಿಯಿಂದ:

ಅಲ್ಲಿಯೇ ಈ ಪದಗಳು ಕೆಲಸಕ್ಕೆ ಬರುತ್ತವೆ: ಕೋರಿಕೆ ಮುಟ್ಟಿತು, ಜವಾಬೂ ಬಂತು, ಆದರೆ ಬ್ರೌಸರು ಅದನ್ನು ಬಾಗಿಲಲ್ಲೇ ತಡೆಯಿತು. ಪ್ರೋಟೊಕಾಲು, ಹೋಸ್ಟಿನ ಹೆಸರು, ಪೋರ್ಟು ಈ ಮೂರೂ ಹೊಂದಿದರೆ ಮಾತ್ರ ಒಂದೇ ಮೂಲ ಎಂದೆಣಿಸುವ ಆ ಕಟ್ಟಳೆಯನ್ನು ‘ಒಂದೇ ಮೂಲದ ನಿಯಮ’ ಎಂದು ಬರೆಯುತ್ತೇನೆ. ಸರ್ವರಿನ ಸ್ಕ್ರಿಪ್ಟು ಇನ್ನೊಂದು ಸರ್ವರನ್ನು ಕೇಳುವಾಗ ನಡುವೆ ಬ್ರೌಸರೇ ಇಲ್ಲವಾದ್ದರಿಂದ ಆ ತಡೆ ಇಲ್ಲ. ದಕ್ಷಿಣದ ಓದುಗರಿಗಾಗಿ ಮೊದಲ ಬಳಕೆಯಲ್ಲಿ ‘ಮುಟ್ಟಿಸು, ಅಂದರೆ ತಲುಪಿಸು’ ಎಂದು ಬಿಡಿಸಿ ಬರೆಯುತ್ತೇನೆ. ಕೈಪಿಡಿ ನಡೆಯುವುದು ಈ ಭಾಗದ ಪ್ರಯೋಗಶಾಲೆಗಳಲ್ಲಿ, ಹುಡುಗರಿಗೆ ಈ ಮಾತು ಮನೆಯದು. ಶೀರ್ಷಿಕೆ ಹೀಗಿರಲಿ: ‘ಬೇರೆ ಸರ್ವರಿನ ಸ್ಕ್ರಿಪ್ಟಿಗೆ ಡೇಟಾ ಮುಟ್ಟಿಸುವುದು, ಅಲ್ಲಿಂದ ಡೇಟಾ ತರಿಸುವುದು.’

ಬೀದರಿನಿಂದ:

‘ತರಿಸು’ ಒಳ್ಳೆಯ ಪದ, ಅದು ನನಗೇ ಹೊಳೆಯಬೇಕಿತ್ತು. ಶೀರ್ಷಿಕೆಯಲ್ಲಿ ‘ಡೇಟಾ ಮುಟ್ಟಿಸುವುದು’ ಎಂದಿದ್ದೀರಿ. ನೀವೇ ಹೇಳಿದ ಪ್ರತ್ಯಯ ಅಲ್ಲಿ ಬಿಟ್ಟುಹೋಗಿದೆ. ‘ಡೇಟಾವನ್ನು’ ಎಂದು ತಿದ್ದಿ ಅಚ್ಚಿಗೆ ಕೊಡಿ. ‘ದತ್ತಾಂಶ’ದ ವಿಷಯದಲ್ಲಿ ನನ್ನ ಅಭಿಪ್ರಾಯ ಬದಲಾಗಿಲ್ಲ.