ಬಿಡಿ ಭಾಗ ಜೋಡಿಸಿದ ಪಲಂಗ ಅಲುಗಾಡ್ಲತ್ತದ, ಫರ್ಸಿ ನೆಲದ ಮ್ಯಾಲ ಗಟ್ಟಿ ನಿಲ್ಲಿಸೋದು ಹ್ಯಾಂಗ?

ಸೇಡಂರಸ್ತೆ_ಬಾಡಿಗಿಮನಿ (ಪ್ರಶ್ನೆ):

ನಮಸ್ಕಾರ ರೀ. ಡಬ್ಬದಾಗ ಬಿಡಿ ಬಿಡಿ ಬಂದ ಪಲಂಗ, ಪಾರ್ಟಿಕಲ್ ಬೋರ್ಡಿಂದು, ಗಾದಿ ಅಳತಿ 78×60 ಇಂಚು. ತಲಿ ಕಡಿ ಹಲಗಿ, ಕಾಲ್ ಕಡಿ ಹಲಗಿ, ಎರಡು ಬಾಜು ಹಲಗಿ, ನಡುವ ಒಂದು ತೊಲಿ, ತೊಲಿಗಿ ಎರಡು ಕಾಲು, ಮ್ಯಾಲ 13 ಅಡ್ಡ ಪಟ್ಟಿ. ನೆಲ ಶಹಾಬಾದ್ ಫರ್ಸಿ.

ತೊಂದ್ರಿ ಹಿಂಗವ: ಒಂದು ಮೂಲ್ಯಾಗ ಕುಂತ್ರ ಎದುರಿನ ಮೂಲಿ ಏಳ್ತದ. ತಲಿ ಕಡಿ ಹಲಗಿ ಹಿಡಿದು ನೂಕಿದ್ರ ಕಿರ್ ಅಂತದ. ಬೋಲ್ಟ್ ಎಲ್ಲಾ ಬಿಗಿ ಅವ, ಆದ್ರೂ ಎಡಗಡಿ ಒಂದು ಜೋಡದಾಗ ಎಟಿಎಂ ಕಾರ್ಡ್ ಹೋಗುವಷ್ಟು ಸಂದಿ ಅದ. ತಲಿ ಹಲಗ್ಯಾಗ ಒಂದು ಗೋಲ್ ಲಾಕ್ (ತಿರುಗಿಸಿದ್ರ ಬೋಲ್ಟಿನ ತಲಿ ಹಿಡಿಯೋದು) ಸುಮ್ಮ ಗರಗರ ತಿರುಗ್ತದ, ಹಿಡಿಯಂಗಿಲ್ಲ. ಪೂರಾ ಬಿಚ್ಚಬೇಕಾ, ಇದ್ದಲ್ಲೇ ಸರಿ ಮಾಡಬಹುದಾ?

ಗುನ್ಯಾ_ಬರಮಾ:

ಪೂರಾ ಬಿಚ್ಚೋದು ಬ್ಯಾಡ್ರಿ, ಸಡಿಲ ಮಾಡಿದ್ರ ಸಾಕು. ಆದ್ರ ಪೈಲೆ ಒಂದು ನೋಡ್ರಿ, ಅಲುಗಾಟದಾಗ ಎರಡು ಥರ ಅವ. ಕಾಲು ನೆಲ ಬಿಟ್ಟು ಏಳ್ತಿದ್ರ ಅದು ನೆಲದ ಅಥವಾ ನಡುವಿನ ಕಾಲಿನ ತಪ್ಪು. ಕಾಲು ಕುಂತಲ್ಲೇ ಇದ್ದು ಜೋಡದ ಸಂದಿ ತೆಗದು ಮುಚ್ಚತಿದ್ರ ಅದು ಬೋಲ್ಟಿನ ತಪ್ಪು. ನಿಮ್ಮಲ್ಲಿ ಎರಡೂ ಅವ. ಜೋಡ ಪೈಲೆ ಸರಿ ಮಾಡ್ರಿ. ಸೊಟ್ಟ ಇದ್ದ ಚೌಕಟ್ಟಿಗಿ ಕಾಲ ಕೆಳಗ ತುಂಡು ಇಟ್ರ, ಮುಂದ ಚೌಕಟ್ಟು ನೆಟ್ಟಗಾದಾಗ ಆ ತುಂಡು ತಪ್ಪು ಜಾಗದಾಗ ಉಳಿತದ.

ಬೋಲ್ಟ್ ಬಿಗಿ ಅದ, ಸಂದಿ ಮುಚ್ಚಿಲ್ಲ ಅಂದ್ರ ಬೋಲ್ಟ್ ಹಲಗಿ ಎಳಿಲತ್ತಿಲ್ಲ, ಎಲ್ಲೋ ತಾಗಿ ನಿಂತದ. ಭಾಳ ಸಲ ಕಾರಣ ಇವೇ ಮೂರು:

ಉದ್ದ ಬೋಲ್ಟ್ ಗಿಡ್ಡ ಬೋಲ್ಟಿನ ಜಾಗಕ್ಕ ಬಿದ್ದಿರ್ತದ. ತುದಿ ತೂತಿನ ತಳಕ್ಕ ಮುಟ್ಟಿ ಕೈಗಿ ಬಿಗಿ ಅನಸ್ತದ, ಹಲಗಿ ಮಾತ್ರ ಸರದಿರಂಗಿಲ್ಲ. ಡಬ್ಬದಾಗ 70 ಮತ್ತು 80 ಮಿಮೀ ಎರಡೂ ಇದ್ರ ಅಳದು ಬ್ಯಾರೆ ಮಾಡ್ರಿ. ಅಳತಿ ತಲಿ ಬುಡದಿಂದ ತುದಿತನಕ, ತಲಿ ಸೇರ್ಸಬಾರದು.

ಕಟ್ಟಿಗಿ ಡೌಲ್, ಅಂದ್ರ ಜೋಡದ ತೂತಿನಾಗ ಕೂಡಸೋ ಗಿಡ್ಡ ಗೋಲ್ ಕಡ್ಡಿ, ಪೂರಾ ಒಳಗ ಹೋಗಿರಂಗಿಲ್ಲ. ತೂತಿನಾಗ ಭೂಸಾ ಉಳಿದಿದ್ರ 8 ಮಿಮೀ ಡೌಲ್ ಅಲ್ಲೇ ನಿಲ್ತದ. ಪೆನ್ಸಿಲ್ ಹಾಕಿ ತೂತಿನ ಆಳ ನೋಡ್ರಿ, ಊದಿ ತೆಗಿರಿ.

ಹಲಗ್ಯಾಗ ಅಡ್ಡ ಕೂಡಸೋ ಗೋಲ್ ನಟ್ ಸೊಟ್ಟ ಇರ್ತದ. ಅದರ ಮುಖದ ಮ್ಯಾಲ ಒಂದು ಗೆರಿ ಇರ್ತದ ನೋಡ್ರಿ, ಸ್ಕ್ರೂಡ್ರೈವರ್ ಹಾಕೋದು. ಆ ಗೆರಿ ಬೋಲ್ಟ್ ಬರೋ ದಿಕ್ಕಿಗೇ ಇರಬೇಕು. ಬೋಲ್ಟ್ 3-4 ಸುತ್ತು ಬರೇ ಬೆರಳಿನಿಂದ ಹೋಗಬೇಕು. ಹೋಗಲಿಲ್ಲಂದ್ರ ಬೋಲ್ಟ್ ಬಿಗಿಯೋ ಕೀಲಿ ಹಾಕಿ ಒತ್ತಬ್ಯಾಡ್ರಿ, ಎಳಿ ಸವದು ಹೋಗ್ತದ.

ಈಗ ಕ್ರಮ. ಪಲಂಗ ಇರೋ ಜಾಗದಾಗೇ ಜೋಡಿಸ್ರಿ. ಆಮ್ಯಾಲ ಎಳದ್ರ ಕಾಲು ಸನ್ನಿಯಂಗ ಮೀಟಿ ಜೋಡ ಕಿತ್ತತದ. ನಾಕೂ ಮೂಲಿ ಬೋಲ್ಟ್ ಹಾಕಿ, ಒಂದೊಂದು ಸುತ್ತು ಸಡಿಲ ಬಿಡ್ರಿ. ಟೇಪ್ ಹಿಡಿದು ಒಳಗಿನ ಮೂಲಿಯಿಂದ ಎದುರು ಮೂಲಿಗಿ ಅಳಿರಿ, ಎರಡೂ ಕಡಿ. ಒಳ ಅಳತಿ ಸರಿಯಾಗಿ 78×60 ಇದ್ರ 98 ಇಂಚು 3 ಸೂತದ ಹತ್ರ ಬರಬೇಕು (ಇಂಚಿಗಿ 8 ಸೂತ). ನಿಮ್ಮ ಚೌಕಟ್ಟು ಸ್ವಲ್ಪ ದೊಡ್ಡದಿದ್ರ ಸಂಖ್ಯಾ ಬದಲಾಗ್ತದ, ಆದ್ರ ಎರಡೂ ಸಮ ಬರಬೇಕು. ಒಂದು ಸೂತಕ್ಕಿಂತ ಜಾಸ್ತಿ ಫರಕ್ ಇದ್ರ, ಉದ್ದ ಬಂದ ಅಳತಿಯ ಎರಡೂ ತುದ್ಯಾಗ ಇಬ್ಬರು ನಿಂತು ಒಳಗ ಒತ್ರಿ. ಸಮ ಆದ ಮ್ಯಾಲೇ ಬಿಗಿ ಮಾಡ್ರಿ: ಒಂದು ಮೂಲಿ, ಆಮ್ಯಾಲ ಎದುರಿನ ಮೂಲಿ. ಒಂದೇ ಜೋಡದಾಗ ಮ್ಯಾಲೊಂದು ಕೆಳಗೊಂದು ಬೋಲ್ಟ್ ಇದ್ರ ಅರ್ಧರ್ಧ ಸುತ್ತು ಬದಲಿಸಿ ಬಿಗೀರಿ.

ಡ್ರಿಲ್ ಮಷೀನ್‌ನಿಂದ ಬಿಗಿಯೋದು ಮಾತ್ರ ಬ್ಯಾಡೇ ಬ್ಯಾಡ. ಪಾರ್ಟಿಕಲ್ ಬೋರ್ಡ್ ಅಂದ್ರ ಭೂಸಾ ಅಂಟಿಸಿ ಒತ್ತಿದ್ದು, ಒಂದು ಸಲ ಪುಡಿ ಆಯ್ತಂದ್ರ ಹಿಡಿತ ಹೋಯ್ತು.

ಭೀಮಾತೀರ_ಕಲ್ಲು:

ನೆಲದ ಬಗ್ಗೆ ನಾನು ಹೇಳ್ತೀನಿ. ಶಹಾಬಾದ್ ಕಲ್ಲು ಪದರ ಪದರವಾಗಿ ಏಳುವ ಸುಣ್ಣದ ಕಲ್ಲು. ಪಾಲಿಶ್ ಮಾಡದ ಹಳೆಯ ಫರ್ಸಿಯಲ್ಲಿ ಒಂದು ಕಲ್ಲಿಗೂ ಪಕ್ಕದ ಕಲ್ಲಿಗೂ ಒಂದು ಸೂತ ಏರುಪೇರು ಇರುವುದು ಸಹಜ. ಆದ್ದರಿಂದ ಮೊದಲು ಕಾಲು ಎಲ್ಲಿ ಕೂತಿದೆ ನೋಡಿ. ಎರಡು ಕಲ್ಲಿನ ಸಂದಿಯ ಮೇಲೆ ಕೂತಿದ್ದರೆ ಪಲಂಗವನ್ನು ಎರಡು ಇಂಚು ಎತ್ತಿಟ್ಟರೆ ಅರ್ಧ ಕೆಲಸ ಮುಗಿಯುತ್ತದೆ.

ನಡುವಿನ ತೊಲೆಯ ಕಾಲುಗಳನ್ನು ಪೂರ್ತಿ ಮೇಲಕ್ಕೆ ತಿರುಗಿಸಿಬಿಡಿ, ನೆಲಕ್ಕೆ ಮುಟ್ಟಬಾರದು. ಮೂಲೆ ಏಳುವುದಕ್ಕೆ ಇವೇ ಕಾರಣವಾಗಿರುವುದು ಹೆಚ್ಚು: ನಡುವಿನ ಕಾಲು ಎರಡು ಮಿಮೀ ಉದ್ದವಿದ್ದರೂ ಪಲಂಗ ಅದರ ಮೇಲೆ ತೂಗುತ್ತದೆ. ಈಗ ನಾಲ್ಕು ಮೂಲೆಯ ಕಾಲುಗಳ ಕೆಳಗೆ ಕ್ಯಾಲೆಂಡರ್ ಹಾಳೆ ತೂರಿಸಿ. ಯಾವ ಕಾಲಿನ ಕೆಳಗೆ ಹಾಳೆ ಸಲೀಸಾಗಿ ಜಾರುತ್ತದೋ ಅದು ಗಿಡ್ಡ. ಅಲ್ಲಿಗೆ ಸನ್‌ಮೈಕಾ ತುಂಡು ಕೊಡಿ. ಒಂದು ತುಂಡು ಸುಮಾರು 1 ಮಿಮೀ ದಪ್ಪ, ಹಾಗಾಗಿ ಲೆಕ್ಕ ಸುಲಭ. ತುಂಡುಗಳನ್ನು ಒಂದಕ್ಕೊಂದು ಅಂಟಿಸಿ, ತಳಕ್ಕೆ 3 ಮಿಮೀ ರಬ್ಬರ್ ಹಚ್ಚಿ. ರಬ್ಬರನ್ನು ನಾಲ್ಕೂ ಕಾಲಿಗೆ ಹಚ್ಚಬೇಕು, ಇಲ್ಲದಿದ್ದರೆ ಹೊಸ ಏರುಪೇರು ಮಾಡಿಕೊಂಡಂತೆ. ರಟ್ಟು ಮಡಚಿ ಇಡಬೇಡಿ, ಭಾರಕ್ಕೆ ಕುಗ್ಗುತ್ತದೆ, ನೆಲ ಒರೆಸಿದ ನೀರು ಹೀರಿ ಕೊಳೆಯುತ್ತದೆ.

ನಡುವಿನ ಕಾಲನ್ನು ಕಡೆಗೆ ಇಳಿಸಿ. ನೆಲಕ್ಕೆ ತಾಗಿದ ಮೇಲೆ ಸುತ್ತಿನ ನಾಲ್ಕನೇ ಒಂದು ಭಾಗ ತಿರುಗಿಸಿ, ಅಷ್ಟೇ.

ನಮ್ಮ ಕಡೆ ಬೇಸಿಗೆಯಲ್ಲಿ ಕೂಲರ್ ಗಾಳಿ ನೇರ ಪಲಂಗಕ್ಕೆ ಬೀಳುವಂತೆ ಇಡುತ್ತಾರೆ. ಆ ತೇವಕ್ಕೆ ಪಾರ್ಟಿಕಲ್ ಬೋರ್ಡಿನ ಅಂಚು ಉಬ್ಬುತ್ತದೆ, ಒಣಗಿದ ಮೇಲೆ ಮೊದಲಿನ ದಪ್ಪಕ್ಕೆ ಬರುವುದಿಲ್ಲ, ಬೋಲ್ಟ್ ಸಡಿಲಾಗುತ್ತದೆ. ಕೂಲರ್ ದಿಕ್ಕು ಬದಲಿಸಿ. ಹಲಗೆಯ ಕೆಳ ಅಂಚಿಗೆ ಪಟ್ಟಿ ಅಂಟಿಸಿಲ್ಲದಿದ್ದರೆ ಎರಡು ಕೋಟ್ ವಾರ್ನಿಶ್ ಹೊಡೆಯಿರಿ.

ಸೂಪರ್‌ಮಾರ್ಕೆಟ್_ನಟ್‌ಬೋಲ್ಟ್:

ನಾಕೂ ಮೂಲಿಗಿ 3 ಇಂಚಿನ ಕಬ್ಬಿಣದ ಎಲ್ ಕ್ಲ್ಯಾಂಪ್ ಹಾಕ್ರಿ, ಗಟ್ಟಿ ನಿಲ್ತದ. 18 ಮಿಮೀ ಹಲಗಿಗಿ 16 ಮಿಮೀ ಸ್ಕ್ರೂ ಸಾಕು, ಉದ್ದ ತಗೊಂಡ್ರ ಆ ಕಡಿ ತೂರಿ ಬರ್ತದ.

ಗುನ್ಯಾ_ಬರಮಾ:

ಕ್ಲ್ಯಾಂಪ್ ಹಾಕಬಹುದು, ಆದ್ರ ಮೂಲಿ ಅಳತಿ ಸಮ ಆದ ಮ್ಯಾಲ. ಅದಕ್ಕಿಂತ ಪೈಲೆ ಹಾಕಿದ್ರ ಸೊಟ್ಟನೇ ಗಟ್ಟಿ ಮಾಡಿದಂಗ ಆಗ್ತದ. ನನ್ನ ಕೇಳಿದ್ರ ಕ್ಲ್ಯಾಂಪ್‌ಗಿಂತ 12 ಮಿಮೀ ಪ್ಲೈವುಡ್‌ದು 6 ಇಂಚಿನ ತ್ರಿಕೋನ ತುಂಡು ಮೂಲ್ಯಾಗ ಒಳಗಿಂದ ಕೂಡಸೋದು ಚಲೋ. ಕ್ಲ್ಯಾಂಪ್ ಮಣಿತದ, ತ್ರಿಕೋನ ಮಣಿಯಂಗಿಲ್ಲ.

ಕಿರ್ ಸಪ್ಪಳಕ್ಕ: ಅಡ್ಡ ಪಟ್ಟಿ ತುದಿ ಕೂಡೋ ಜಾಗಕ್ಕ ಮೇಣಬತ್ತಿ ತಿಕ್ರಿ. ಎಣ್ಣಿ ಬ್ಯಾಡ, ಬೋರ್ಡ್ ಹೀರತದ, ಗಾದಿಗಿ ಕಲಿ ಬೀಳ್ತದ. ಪಟ್ಟಿ ಎರಡೂ ತುದಿಗಿ ಒಂದೊಂದು ಸ್ಕ್ರೂ ಹಾಕಿದ್ರ ಜಾರಂಗಿಲ್ಲ. ಪಟ್ಟಿ ನಡುವಿನ ಸಂದಿ 3 ಇಂಚಿಗಿಂತ ಹೆಚ್ಚಾಗಬಾರದು, ಫೋಮ್ ಗಾದಿ ಇಳಿತದ.

ಸೇಡಂರಸ್ತೆ_ಬಾಡಿಗಿಮನಿ:

ಹೇಳ್ದಂಗ ಮಾಡಿ ನೋಡ್ದೆ ರೀ. ಸಂದಿ ಇದ್ದ ಜೋಡದಾಗ 80 ಮಿಮೀ ಬೋಲ್ಟ್ ಇತ್ತು, ಅಲ್ಲಿ ಬೇಕಾದ್ದು 70. ಮೂಲಿ ಅಳತಿ ಒಂದು ಕಡಿ 98 ಇಂಚು 6 ಸೂತ, ಇನ್ನೊಂದು ಕಡಿ 98 ಇಂಚು 1 ಸೂತ ಇತ್ತು. ಈಗ ಎರಡೂ 98 ಇಂಚು 3 ಸೂತ. ಕಿಟಕಿ ಕಡಿ ಕಾಲಿಗಿ ಎರಡು ಸನ್‌ಮೈಕಾ ತುಂಡು ಬಿದ್ದವು. ಮೂಲಿ ಏಳೋದು ನಿಂತದ. ಗೋಲ್ ಲಾಕ್ ಮಾತ್ರ ಇನ್ನೂ ಹಿಡಿಲತ್ತಿಲ್ಲ. ಅದರ ಬೋಲ್ಟ್ ಹಲಗ್ಯಾಗಿಂದ ಕೈಲೆ ಎಳದ್ರೇ ಬರ್ತದ.

ಗುನ್ಯಾ_ಬರಮಾ:

ಹಂಗಿದ್ರ ಲಾಕ್ ತಪ್ಪಲ್ಲ, ತೂತು ಸವದದ. 10 ಮಿಮೀ ಬರಮಾದಿಂದ (ಡ್ರಿಲ್ ಬಿಟ್) ಅದೇ ತೂತು ದೊಡ್ಡದು ಮಾಡ್ರಿ. ಹಲಗಿ 18 ಮಿಮೀ ಅದ, ಅದಕ್ಕ ಬರಮಾಕ್ಕ 12 ಮಿಮೀ ಹತ್ರ ಟೇಪ್ ಸುತ್ತಿ ಗುರ್ತು ಮಾಡ್ಕೊಳ್ರಿ, ಗುರ್ತು ಬಂದ ಕೂಡಲೇ ನಿಲ್ಲಸ್ರಿ. 10 ಮಿಮೀ ಡೌಲ್‌ಗಿ ಫೆವಿಕಾಲ್ ಹಚ್ಚಿ ಬಡದು, ಮ್ಯಾಲ ಉಳಿದದ್ದು ಸಮ ಕತ್ತರಿಸ್ರಿ. ಒಣಗಿದ ಮ್ಯಾಲ ನಟ್ಟನಡುವ 5 ಮಿಮೀ ತೂತು ಹೊಡದು ಬೋಲ್ಟ್ ತಿರುಗಿಸ್ರಿ, ಅದರ ಕಾಲರ್ ಹಲಗಿಗಿ ಮುಟ್ಟುತನ.

ಲಾಕ್ ಕೂಡಸುವಾಗ ಅದರ ಮುಖದ ಬಾಣ ಬೋಲ್ಟ್ ಬರೋ ಅಂಚಿನ ಕಡಿ ಇರಬೇಕು. ಬೋಲ್ಟಿನ ತಲಿ ಒಳಗ ಹೋದ ಮ್ಯಾಲ ಬಲಕ್ಕ ಅರ್ಧ ಸುತ್ತು ತಿರುಗಿಸ್ರಿ, ಗಟ್ಟಿ ಆದಲ್ಲಿ ಬಿಡ್ರಿ. ಫೆವಿಕಾಲ್ 24 ತಾಸು ಒಣಗಲಿ, ಅಲ್ಲಿತನ ಆ ಹಲಗಿಗಿ ಬೆನ್ನು ಹಚ್ಚಿ ಕೂಡಬ್ಯಾಡ್ರಿ.