ಡಿಕ್ಕಿ ಸದ್ದಿನ ಬಗ್ಗೆ ಚಿಕ್ಕಪ್ಪಂಗೆ

ಚಿಕ್ಕಪ್ಪಾ, ನಿಮ್ಮ ವಾಯ್ಸ್ ಮೆಸೇಜ್ ಈಗ ಕೇಳ್ದೆ. ಹಂಪ್ ಹತ್ತಿಳಿದಾಗೆಲ್ಲ ಕಾರಿನ ಹಿಂದೆ ಡಿಕ್ಕಿ ಕಟಕಟ ಅನ್ನತ್ತೆ, ಸರ್ವಿಸ್‌ನವ್ರು ಬೀಡಿಂಗ್ (ಬಾಗಿಲ ಸುತ್ತ ಇರೋ ರಬ್ಬರ್ ಪಟ್ಟಿ) ಪೂರ್ತಿ ಹೊಸದು ಹಾಕ್ಸಿ ಅಂತಿದಾರೆ ಅಂದ್ರಲ್ಲ, ದಯವಿಟ್ಟು ಈಗ್ಲೇ ಹಾಕಿಸ್ಬೇಡಿ. ಮೊದ್ಲು ಸದ್ದು ಎಲ್ಲಿಂದ ಅಂತ ಗೊತ್ತಾಗ್ಲಿ.

ಡಿಕ್ಕಿ ಪೂರ್ತಿ ಖಾಲಿ ಮಾಡಿ, ಪಾರ್ಸಲ್ ಟ್ರೇ (ಹಿಂದಿನ ಸೀಟಿನ ಹಿಂದೆ ಡಿಕ್ಕಿ ಮುಚ್ಚೋ ಹಲಗೆ) ತೆಗೆದು ಮನೇಲಿಡಿ, ಸ್ಟೆಪ್ನಿ ಬೋಲ್ಟ್ ಟೈಟ್ ಇದ್ಯಾ ನೋಡಿ, ಜಾಕು ಸ್ಪ್ಯಾನರ್ ಎಲ್ಲ ಹಳೇ ಟವಲ್ಲಲ್ಲಿ ಸುತ್ತಿ ಇಡಿ, ಹಿಂದಿನ ಸೀಟ್‌ಬೆಲ್ಟ್ ಬಕಲ್ ಪ್ಲಾಸ್ಟಿಕ್‌ಗೆ ಬಡೀತಿದ್ಯಾ ಅದನ್ನೂ ನೋಡಿ, ನಂಬರ್ ಪ್ಲೇಟ್ ಕೈಯಲ್ಲಿ ತಟ್ಟಿ ಅಲ್ಲಾಡ್ತಿದ್ಯಾ ನೋಡಿ. ಆಮೇಲೆ ಅದೇ ರೋಡಲ್ಲಿ ಒಂದು ರೌಂಡ್ ಹೋಗಿ, ಚಿಕ್ಕಮ್ಮ ಹಿಂದಿನ ಸೀಟಲ್ಲಿ ಕೂತು ಕೇಳಿಸ್ಕೊಳ್ಲಿ. ಸದ್ದು ನಿಂತ್ರೆ ಟ್ರೇ ಒಂದನ್ನೇ ವಾಪಸ್ ಹಾಕಿ ಇನ್ನೊಂದು ರೌಂಡ್ ಹೋಗಿ, ಮತ್ತೆ ಬಂದ್ರೆ ಟ್ರೇದೇ, ಅದು ಕೂರೋ ಜಾಗಕ್ಕೆ ಫೆಲ್ಟ್ ಟೇಪ್ (ಮೆತ್ತನೆ ಬಟ್ಟೆಯಂಥ ಟೇಪ್) ಅಂಟಿಸಿದ್ರೆ ಆಯ್ತು.

ಎಲ್ಲ ತೆಗೆದ ಮೇಲೂ ಸದ್ದು ಬರ್ತಿದ್ರೆ ಲಾಕ್ ಕಡೆ ಬನ್ನಿ. ಡಿಕ್ಕಿ ಬಾಗಿಲಿನ ಲಾಕ್ ಹೋಗಿ ಕಚ್ಕೊಳ್ಳೋ ಕಬ್ಬಿಣದ ಕೊಂಡಿ ಇದ್ಯಲ್ಲ, ಅದಕ್ಕೆ ಇನ್ಸುಲೇಶನ್ ಟೇಪ್ ಎರಡು ಸುತ್ತು ಹಾಕಿ ಓಡ್ಸಿ. ಸದ್ದು ಹೋಯ್ತು ಅಂದ್ರೆ ಲಾಕಲ್ಲಿ ಸಡಿಲ ಇದೆ ಅಂತ ಖಾತ್ರಿ. ಟೇಪು ಪತ್ತೆ ಹಚ್ಚೋಕೆ ಮಾತ್ರ, ಅದು ಹರಿದು ಹೋಗತ್ತೆ. ನಿಜವಾದ ರಿಪೇರಿ ಬಾಗಿಲಿನ ಎರಡೂ ಪಕ್ಕ ಇರೋ ಗುಂಡನೆ ರಬ್ಬರ್ ಸ್ಟಾಪರ್‌ಗಳಲ್ಲಿದೆ. ಬಾಗಿಲು ಮುಚ್ಚಿದಾಗ ಅವು ಗಾಡಿ ಮೈಗೆ ಒತ್ಕೊಂಡು ಬಾಗಿಲನ್ನ ಬಿಗಿಯಾಗಿ ಹಿಡೀಬೇಕು, ವರ್ಷ ಕಳೆದ ಹಾಗೆ ಅವೂ ಬೀಡಿಂಗೂ ಅದುಮಿ ಕೂತು ಬಾಗಿಲಿಗೆ ಆಡೋಕೆ ಜಾಗ ಸಿಗತ್ತೆ. ತುಂಬಾ ಗಾಡೀಲಿ ಆ ಸ್ಟಾಪರ್‌ನ ಕೈಯಲ್ಲೇ ತಿರುಗಿಸಿ ಹೊರಗೆ ತರಬಹುದು. ಅರ್ಧ ಸುತ್ತು ತಿರುಗಿಸಿ, ಎರಡೂ ಕಡೆ ಒಂದೇ ಸಮ, ಮುಚ್ಚಿ ನೋಡಿ, ಮತ್ತೆ ಅರ್ಧ ಸುತ್ತು. ಸ್ಟಾಪರ್‌ಗೂ ಗಾಡಿ ಮೈಗೂ ನಡುವೆ ಒಂದು ಪೇಪರ್ ಚೂರು ಇಟ್ಟು ಮುಚ್ಚಿ ಎಳೆದ್ರೆ ಸ್ವಲ್ಪ ಜಗ್ಗಬೇಕು, ಸಲೀಸಾಗಿ ಬಂದ್ರೆ ಇನ್ನೂ ಲೂಸು. ಜಾಸ್ತಿ ಮಾಡ್ಬೇಡಿ, ಬಾಗಿಲು ಸರಿಯಾಗಿ ಲಾಕ್ ಆಗದೆ ದಾರೀಲಿ ತೆರ್ಕೊಂಡ್ರೆ ಕಷ್ಟ. ನಮ್ಮ ಹಳೇ ಗಾಡೀಲಿ ಒಂದೂವರೆ ಸುತ್ತಿಗೇ ಸರಿಹೋಯ್ತು, ಅಲ್ಲೀವರೆಗೆ ನಾನು ಆರು ತಿಂಗಳು ಆ ಕಟಕಟ ಕೇಳಿದೀನಿ. ಸ್ಟಾಪರ್ ತಿರುಗದೇ ಇದ್ರೆ ಕೊಂಡಿ ಬೋಲ್ಟ್ ಸಡಿಲಿಸಿ ಒಂದು ಮಿಲಿಮೀಟರ್ ಒಳಗೆ ಸರಿಸ್ಬೇಕು, ಅದಕ್ಕೆ ಮುಂಚೆ ಸುತ್ತ ಮಾರ್ಕರಲ್ಲಿ ಗೆರೆ ಎಳೀರಿ, ತಪ್ಪಾದ್ರೆ ಹಳೇ ಜಾಗಕ್ಕೇ ಕೂರಿಸಬಹುದು.

ಕಟಕಟ ಅಲ್ದೆ ಕಿರ್ ಕಿರ್ ಅಂತಿದ್ರೆ ಅದು ಬೇರೆ, ಬೀಡಿಂಗ್ ಒಣಗಿ ಧೂಳು ಕೂತು ಉಜ್ಜೋ ಸದ್ದು. ಒದ್ದೆ ಬಟ್ಟೇಲಿ ಒರೆಸಿ, ಒಣಗಿಸಿ, ಸಿಲಿಕಾನ್ ಗ್ರೀಸ್ ತೆಳ್ಳಗೆ ಸವರಿ. ಇಂಜಿನ್ ಆಯಿಲ್, ಡೀಸೆಲ್ ಮುಟ್ಟಿಸ್ಲೇಬೇಡಿ, ರಬ್ಬರ್ ಉಬ್ಬಿ ಹಾಳಾಗತ್ತೆ.

ಟ್ರೇ ತೆಗೆದು ಓಡ್ಸಿದ್ಮೇಲೆ ಏನಾಯ್ತು ಅಂತ ಇಲ್ಲೇ ಹಾಕಿ, ಭಾನುವಾರ ಬರ್ತೀನಲ್ಲ, ಲಾಕಿಂದೇ ಆದ್ರೆ ಇಬ್ರೂ ಸೇರಿ ಮಾಡೋಣ.