ಮಡಿಕೇರಿಯಲ್ಲಿ ಥಾಯ್ ಊಟ: ಅದು ಇರೋದೇ ಹೀಗಾ, ಇಲ್ಲ ನಮಗೆ ಟೋಪಿ ಬಿತ್ತಾ?

ಏಲಕ್ಕಿಮನೆ:
ಮೊನ್ನೆ ಶನಿವಾರ ರಾತ್ರಿ ನಮ್ಮ ಬೀದಿ ಕೊನೆಯಲ್ಲೇ ಹೊಸದಾಗಿ ತೆರೆದ ಥಾಯ್ ಹೋಟೆಲಿಗೆ ಹೋಗಿದ್ದೆವು. ಹೆಸರು ಬೇಡ ಬಿಡಿ, ಊರು ಚಿಕ್ಕದು, ಶುಕ್ರವಾರ ಸಂತೆಯಲ್ಲಿ ಮುಖ ನೋಡಬೇಕು. ನಾನು, ಯಜಮಾನರು, ಮಗಳು, ಅತ್ತೆ. ಮಳೆ ಸುರಿಯುತ್ತಿತ್ತು, ಎರಡು ಸಲ ಕರೆಂಟ್ ಹೋಯಿತು. ಅದನ್ನೆಲ್ಲ ನಾನು ಲೆಕ್ಕಕ್ಕೆ ಹಿಡಿಯಲ್ಲ, ಜುಲೈ ಅಂದ್ರೆ ನಮ್ಮಲ್ಲಿ ಅದೇ ತಾನೆ.

ಮೊದಲು ಟಾಮ್ ಯಮ್ ಸೂಪ್ ಬಂತು. ಚಮಚ ಎತ್ತಿದರೆ ಗಂಜಿ ಥರ ಎಳೆ ಎಳೆಯಾಗಿ ಇಳಿಯುತ್ತಿತ್ತು. ಮೇಲೆ ಹೆಚ್ಚಿದ ಕ್ಯಾರೆಟ್, ಸೋಯಾ ಸಾಸ್ ವಾಸನೆ. ಪಪ್ಪಾಯ ಸಲಾಡ್ ಅಂತ ಕೇಳಿದ್ದಕ್ಕೆ ಎಲೆಕೋಸಿನ ಎಳೆಗಳ ಮೇಲೆ ಸಕ್ಕರೆ-ನಿಂಬೆರಸ ಸುರಿದು ತಂದರು. ಪಪ್ಪಾಯ ಎಲ್ಲಿ ಅಂದರೆ "ಇವತ್ತು ಸಿಗಲಿಲ್ಲ ಮೇಡಂ" ಅಂತೆ. ನಮ್ಮ ಹಿತ್ತಲಲ್ಲಿ ಮರ ಬಗ್ಗುವಷ್ಟು ಕಾಯಿ ಇದೆ! ಪ್ಯಾಡ್ ಥಾಯ್ ನೂಡಲ್ಸ್ ಕೆಂಪಗೆ ಟೊಮೆಟೊ ಸಾಸ್‌ನಲ್ಲಿ ಮಿಂದಿತ್ತು. ಗ್ರೀನ್ ಕರಿ ಅಂತೂ ಪಾಯಸಕ್ಕೆ ಎರಡೇ ಹೆಜ್ಜೆ ದೂರ, ಜೊತೆಗೆ ಬಾಸ್ಮತಿ ಅನ್ನ. ಅತ್ತೆ ಎರಡು ತುತ್ತು ತಿಂದು ತಟ್ಟೆ ಸರಿಸಿ, "ಇದಕ್ಕೆ ಸ್ವಲ್ಪ ಏಲಕ್ಕಿ ಹಾಕಿದ್ದರೆ ಸರಿಹೋಗ್ತಿತ್ತು" ಅಂದರು. ಬಿಲ್ 2,180 ರೂಪಾಯಿ.

ನಾನು ಥಾಯ್ಲೆಂಡಿಗೆ ಹೋದವಳಲ್ಲ. ಅದಕ್ಕೇ ಕೇಳುತ್ತಿದ್ದೇನೆ, ಅಲ್ಲಿ ಊಟ ನಿಜವಾಗಿಯೂ ಹೀಗೇನಾ? ನಮ್ಮ ನಾಲಿಗೆಗೇ ಹಿಡಿಸಲಿಲ್ಲವಾ? ಹೋಟೆಲಿನವರಿಗೆ ಹೇಳಲಾ, ಸುಮ್ನೆ ಬಿಡಲಾ?

ಸುಂಟಿಕೊಪ್ಪದ ಸೌಟು:
ಅಕ್ಕ, ನಾನು ಬೆಂಗಳೂರಿನ ಒಂದು ಹೋಟೆಲಿನ ಅಡುಗೆಮನೆಯಲ್ಲಿ ಆರು ವರ್ಷ ಇದೇ ಅಡುಗೆ ಮಾಡಿ, ಈಗ ಊರಿಗೆ ಬಂದು ತೋಟ ನೋಡಿಕೊಂಡಿದ್ದೇನೆ. ನಿಮ್ಮ ನಾಲಿಗೆ ಸರಿಯಾಗೇ ಇದೆ. ನೀವು ತಿಂದಿದ್ದು ಗೋಬಿ ಮಂಚೂರಿ ಅಂಗಡಿಯ ಅಡುಗೆಯನ್ನೇ, ಹೆಸರು ಮಾತ್ರ ಥಾಯ್.

ಟಾಮ್ ಯಮ್‌ಗೆ ಕಾರ್ನ್‌ಫ್ಲೋರ್ ಹಾಕುವುದೇ ಇಲ್ಲ. ಅದು ನಮ್ಮ ತಿಳಿಸಾರಿನ ಹಾಗೆ. ಹಾಲು ಬೆರೆಸುವ ಒಂದು ಬಗೆ ಇದೆ, ಅದೂ ಗಂಜಿಯಾಗಲ್ಲ. ಮಜ್ಜಿಗೆ ಹುಲ್ಲಿನ ಬುಡ ಜಜ್ಜಿ, ಗಲಾಂಗಲ್ ಬಿಲ್ಲೆ (ಶುಂಠಿಯ ನೆಂಟ, ಆದರೆ ವಾಸನೆ ಬೇರೆಯೇ), ಕಾಫಿರ್ ಲೈಮ್ ಎಲೆ ಹಾಕಿ ಕುದಿಸಬೇಕು. ಆಮೇಲೆ ಸಿಗಡಿ, ಅಣಬೆ, ಜಜ್ಜಿದ ಸಣ್ಣ ಮೆಣಸಿನಕಾಯಿ, ಮೀನಿನ ಸಾಸ್. ಒಲೆಯಿಂದ ಇಳಿಸಿದ ಮೇಲೆ ನಿಂಬೆರಸ. ನಿಂಬೆ ಕುದಿಸಿದರೆ ಪರಿಮಳ ಹೋಗಿ ಕಹಿ ಉಳಿಯುತ್ತದೆ. ಹುಲ್ಲು, ಬಿಲ್ಲೆ, ಎಲೆ ಬಟ್ಟಲಲ್ಲೇ ಇರುತ್ತವೆ, ಅವನ್ನು ತಿನ್ನಲ್ಲ, ಪಕ್ಕಕ್ಕೆ ಸರಿಸೋದು. ನಿಮ್ಮ ಬಟ್ಟಲಲ್ಲಿ ಅಂಥದ್ದು ಒಂದಾದರೂ ಇತ್ತಾ?

ಗ್ರೀನ್ ಕರಿ ಸ್ವಲ್ಪ ಸಿಹಿ ಇರುವುದು ತಪ್ಪಲ್ಲ, ತೆಂಗಿನ ಹಾಲು, ತಾಳೆ ಬೆಲ್ಲ ಎರಡೂ ಬೀಳುತ್ತವೆ. ಆದರೆ ಖಾರ ಮುಂದಿರಬೇಕು, ಸಿಹಿ ಹಿಂದೆ. ಮೊದಲು ಗಟ್ಟಿ ತೆಂಗಿನ ಹಾಲನ್ನು ಎಣ್ಣೆ ಬಿಡುವ ತನಕ ಕಾಯಿಸಿ, ಅದೇ ಎಣ್ಣೆಯಲ್ಲಿ ಮಸಾಲೆ ಹುರಿಯಬೇಕು. ಮೇಲೆ ಹಸಿರು ಎಣ್ಣೆಯ ಚುಕ್ಕಿಗಳು ತೇಲಿದರೆ ಸರಿಯಾಗಿ ಮಾಡಿದ್ದಾರೆ ಅಂತ ಲೆಕ್ಕ. ಬೆಳ್ಳಗೆ ಒಂದೇ ಸಮ ನುಣ್ಣಗಿದ್ದರೆ ಡಬ್ಬದ ಹಾಲನ್ನೂ ಡಬ್ಬದ ಪೇಸ್ಟನ್ನೂ ಒಟ್ಟಿಗೆ ಸುರಿದು ಕುದಿಸಿದ್ದಾರೆ. ಡಬ್ಬದ ಪೇಸ್ಟ್ ಬಳಸಿದ್ದಕ್ಕೆ ನಾನು ಬೈಯಲ್ಲ, ನಾವೂ ಬಳಸಿದ್ದೇವೆ. ಹುರಿಯದೆ ಸುರಿದಿದ್ದಕ್ಕೆ ಬೈಯುತ್ತೇನೆ.

ಪ್ಯಾಡ್ ಥಾಯ್‌ಗೆ ಹುಳಿ ಬರುವುದು ಹುಣಸೆಯಿಂದ. ಟೊಮೆಟೊ ಸಾಸ್ ಹಾಕಿದ್ದು ಸೋಮಾರಿತನ, ಅಷ್ಟೇ.

ಬ್ರಹ್ಮಗಿರಿ ಬಸ್ಸು:
ಎಲ್ಲರೂ ಸೇರಿ ಆ ಹೋಟೆಲಿನವನನ್ನು ಹುರಿದು ಮುಕ್ಕಬೇಡಿ. ಮಳೆಗಾಲದಲ್ಲಿ ಮಡಿಕೇರಿಯಲ್ಲಿ ಹೋಟೆಲ್ ನಡೆಸೋದು ಅಂದ್ರೆ ಏನು ಅಂತ ನನಗೆ ಗೊತ್ತು, ನಮ್ಮ ಅಣ್ಣನೂ ಒಂದು ನಡೆಸಿ ಮುಚ್ಚಿದ. ವಾರಾಂತ್ಯಕ್ಕೆ ಬರುವ ಪ್ರವಾಸಿಗಳು "ಭಯ್ಯಾ ಖಾರ ಕಮ್ಮಿ, ಗ್ರೇವಿ ಜಾಸ್ತಿ" ಅಂತಾರೆ, ಮೀನಿನ ಸಾಸ್ ವಾಸನೆಗೆ ಮೂಗು ಮುಚ್ಚುತ್ತಾರೆ. ಅಡುಗೆಯವನು ಅವರ ಬಾಯಿಗೆ ತಕ್ಕ ಹಾಗೆ ಮಾಡುತ್ತಾ ಮಾಡುತ್ತಾ ಇಲ್ಲಿಗೆ ಬಂದು ನಿಂತಿದ್ದಾನೆ. ಅದೂ ಅಲ್ಲದೆ ಪಂದಿ ಕರಿ, ಕಡಂಬುಟ್ಟು ಸಿಗುವ ಊರಲ್ಲಿ ಥಾಯ್ ಯಾಕೆ ಬೇಕಿತ್ತು ನಿಮಗೆ? ನೂಡಲ್ಸೇ ಬೇಕಿದ್ದರೆ ಕುಶಾಲನಗರ ದಾಟಿ ಬೈಲಕುಪ್ಪೆಗೆ ಹೋಗಿ, ಟಿಬೆಟಿನವರ ತುಕ್ಪಾ ಕುಡಿದು ಬನ್ನಿ. ಮಾಡುವವರೇ ತಿನ್ನುವ ಊಟ ಅದು.

ಸುಂಟಿಕೊಪ್ಪದ ಸೌಟು:
ಅಣ್ಣ, ಖಾರ ಕಮ್ಮಿ ಮಾಡಲಿ, ಬೇಡ ಅಂದವರಾರು. ಎಲೆಕೋಸನ್ನು ಪಪ್ಪಾಯ ಅಂತ ಮಾರಬಾರದು.

ಒಳ್ಳೆಮೆಣಸು:
ನನಗೆ ಉರಿಯೋದು ಬೇರೆ ವಿಷಯಕ್ಕೆ. ಆ ಅಡುಗೆಗೆ ಬೇಕಾದ ಸಾಮಾನು ಅರ್ಧಕ್ಕರ್ಧ ನಮ್ಮ ಬೇಲಿಯಲ್ಲೇ ಇದೆ. ಮಜ್ಜಿಗೆ ಹುಲ್ಲು ಇದೆ. ಗ್ರೀನ್ ಕರಿಗೆ ಹಾಕುವ ಬಟಾಣಿ ಗಾತ್ರದ ಬದನೆ ಅಂತ ಮೆನುವಿನಲ್ಲಿ ಬರೀತಾರಲ್ಲ, ಅದು ನಮ್ಮ ಸುಂಡೆಕಾಯಿ. ಕಣಿಲೆಯನ್ನೂ (ಎಳೆ ಬಿದಿರು) ಹಾಕುತ್ತಾರೆ, ಈ ತಿಂಗಳು ಕಣಿಲೆಗೆ ಬರವಾ? ಎಳೆ ಕಾಳುಮೆಣಸಿನ ಗೊಂಚಲನ್ನು ಹಾಗೇ ಹಸಿಯಾಗಿ ಹಾಕಿ ಮಾಡುವ ಒಂದು ಕಾಡು ಕರಿ ಇದೆ, ತೆಂಗಿನ ಹಾಲಿಲ್ಲದ್ದು, ಮೊದಲೆಲ್ಲ ಕಾಡುಹಂದಿ ಮಾಂಸದಲ್ಲಿ ಮಾಡುತ್ತಿದ್ದರಂತೆ. ಓದಿದಾಗ ನಮ್ಮ ಅಜ್ಜಿ ಅಡುಗೆಮನೆಯೇ ಕಣ್ಣಿಗೆ ಬಂತು. ಥಾಯ್ ಭಾಷೆಯಲ್ಲಿ ಕಾಳುಮೆಣಸಿಗೆ 'ಪ್ರಿಕ್ ಥಾಯ್' ಅಂತಾರೆ, ಅಂದರೆ ಥಾಯ್ ಮೆಣಸು. ಹಸಿಮೆಣಸಿನಕಾಯಿ ಅಲ್ಲಿಗೂ ನಮಗೂ ಅಮೆರಿಕ ಖಂಡದಿಂದ ಬಂದಿದ್ದು. ನಾವು ಪರಂಗಿ ಮೆಣಸು ಅಂತಲೇ ಕರೀತೀವಿ, ಪಪ್ಪಾಯವೂ ಪರಂಗಿ ಹಣ್ಣೇ. ಆ ಸಲಾಡ್ ಅಂದರೆ ಎರಡು ಪರಂಗಿಗಳನ್ನು ಒರಳಲ್ಲಿ ಹಾಕಿ ಜಜ್ಜಿದ್ದು ನೋಡಿ.

ಇನ್ನೊಂದು ಮಾತು, ಸಸ್ಯಾಹಾರಿಗಳು ಯಾರಾದರೂ ಓದುತ್ತಿದ್ದರೆ: ಈ ಕರಿ ಪೇಸ್ಟುಗಳಲ್ಲಿ ಸಾಮಾನ್ಯವಾಗಿ ಸಿಗಡಿ ಅರೆದು ಹಾಕಿರುತ್ತಾರೆ. "ವೆಜ್ ಗ್ರೀನ್ ಕರಿ" ಅಂತ ಬರೆದಿದ್ದರೂ ಡಬ್ಬ ತರಿಸಿ ಓದಿ.

ಏಲಕ್ಕಿಮನೆ:
ಎಲ್ಲರಿಗೂ ಥ್ಯಾಂಕ್ಸ್. ಬಸ್ಸಣ್ಣ, ಥಾಯ್ ಯಾಕೆ ಅಂದರೆ ಮಗಳ ಹುಟ್ಟುಹಬ್ಬ, ಅವಳೇ ಕೇಳಿದ್ದು. ಪಂದಿ ಕರಿ ಮನೆಯಲ್ಲಿ ವಾರ ವಾರ ಇದ್ದದ್ದೇ.

ಸೌಟಣ್ಣ ಹೇಳಿದ್ದನ್ನು ಇಟ್ಟುಕೊಂಡು ಭಾನುವಾರ ಮನೆಯಲ್ಲೇ ಟಾಮ್ ಯಮ್ ಮಾಡಿದೆ. ಗಲಾಂಗಲ್ ಸಿಗಲಿಲ್ಲ, ಶುಂಠಿಯನ್ನೇ ಕಮ್ಮಿ ಹಾಕಿದೆ. ಕಾಫಿರ್ ಎಲೆ ಬದಲು ಹಿತ್ತಲಿನ ನಿಂಬೆ ಎಲೆ, ಮೀನಿನ ಸಾಸ್ ಬದಲು ಬರೀ ಉಪ್ಪು. ಹಾಗಾಗಿ ನಂದೂ ಅಸಲಿ ಅಲ್ಲ, ಒಪ್ಪಿಕೊಂಡೆ. ಆದರೆ ಪರಂಗಿ ಮೆಣಸು ನಾಲ್ಕು ಬಿದ್ದಿತ್ತು, ಮಗಳು ಮೂಗು ಸುರಿಸಿಕೊಂಡು ಎರಡು ಬಟ್ಟಲು ಕುಡಿದಳು. ಅತ್ತೆ ನಿಂಬೆ ಬೇಡ, ಕಾಚಂಪುಳಿ (ನಮ್ಮ ಕೊಡಗಿನ ಕಪ್ಪು ಹುಳಿರಸ) ಎರಡು ಹನಿ ಬಿಡು ಅಂದರು. ಬಿಟ್ಟ ಮೇಲೆ ಅದು ಯಾವ ದೇಶದ ಸಾರೂ ಆಗಿ ಉಳಿಯಲಿಲ್ಲ, ರುಚಿ ಮಾತ್ರ ಇತ್ತು.

ಹೋಟೆಲಿನವರ ಹತ್ತಿರವೂ ಮಾತಾಡಿದೆ. ಹುಡುಗ ಜಗಳ ಆಡಲಿಲ್ಲ ಪಾಪ, "ಅಡುಗೆಯವರು ಮೊದಲು ಚೈನೀಸ್ ಕೌಂಟರಿನಲ್ಲಿದ್ದರು ಮೇಡಂ" ಅಂದ. ದುಡ್ಡು ವಾಪಸ್ ಕೊಡಲಿಲ್ಲ, ನಾನೂ ಕೇಳಲಿಲ್ಲ. ಪಪ್ಪಾಯ ಕಾಯಿ ಬೇಕಿದ್ದರೆ ನಮ್ಮ ಮನೆಯಿಂದ ಕಿತ್ತುಕೊಂಡು ಹೋಗಿ ಅಂದೆ. ಇವತ್ತು ಬೆಳಿಗ್ಗೆ ಬಂದು ಆರು ಕಾಯಿ ಒಯ್ದಿದ್ದಾನೆ. ಕೆಜಿಗೆ ಎಷ್ಟು ಅಂತ ಕೇಳಿದ, ಮೊದಲು ಸಲಾಡ್ ತಂದು ತೋರಿಸು ಅಂದೆ.